ದೊಡ್ಡದೊಂದು ಟೆಲಿಸ್ಕೋಪ್ ಕಟ್ಟಿದರೆ ಸಾಲದೇ?

ಪ್ರಶ್ನೆ: ಬಾಹ್ಯಾಕಾಶದಲ್ಲಿ ಹಬಲ್ ಟೆಲಿಸ್ಕೋಪ್ ಇದೆ, ವೆಬ್ ಇದೆ. ಅದರ ಮೇಲೆ ರೇಡಿಯೋ ಟೆಲಿಸ್ಕೋಪ್, ಎಕ್ಸ್‌ರೇ ಟೆಲಿಸ್ಕೋಪ್ ಅಂತ ಇನ್ನೂ ಎಷ್ಟೋ ಇವೆ. ಎಲ್ಲವೂ ನೋಡುವುದು ಅದೇ ಆಕಾಶವನ್ನು. ಇಷ್ಟೊಂದರ ಬದಲು ಭಾರೀ ದೊಡ್ಡದೊಂದನ್ನು ಕಟ್ಟಿದರೆ ಸಾಲದೇ? ಇನ್ನೊಂದು ಅನುಮಾನ. ಕಣ್ಣಿಗೇ ಕಾಣದ ಬೆಳಕಿನಲ್ಲಿ ತೆಗೆದ ಚಿತ್ರಕ್ಕೆ ಅಷ್ಟು ಚೆಂದದ ಬಣ್ಣ ಎಲ್ಲಿಂದ ಬಂತು? ಅದು ಸುಳ್ಳು ಬಣ್ಣ ಅಲ್ವಾ? ಇಂಥ ಚಿತ್ರಗಳಿಂದ ವಿಶ್ವ ಬೆಳೆದುಬಂದ ಬಗೆ ತಿಳಿಯುವುದಾದರೂ ಹೇಗೆ?

ಉತ್ತರ: ಸಾಲದು. ಎಷ್ಟು ದೊಡ್ಡದು ಕಟ್ಟಿದರೂ ಸಾಲದು. ಯಾಕೆ ಅನ್ನುವುದಕ್ಕೆ ಮೊದಲು ನಡೆದ ಒಂದು ಸಂಗತಿ ಹೇಳುತ್ತೇನೆ. ಈ ವಿಷಯ ಮಾತಾಡುವಾಗೆಲ್ಲ ನನಗೆ ನೆನಪಾಗುವುದು ಇದೇ.

1995ರ ಡಿಸೆಂಬರ್‌ನಲ್ಲಿ ಹಬಲ್ ಟೆಲಿಸ್ಕೋಪನ್ನು ಸಪ್ತರ್ಷಿ ಮಂಡಲದ ಕಡೆಯ ಒಂದು ಖಾಲಿ ಜಾಗಕ್ಕೆ ತಿರುಗಿಸಿದರು. ಚಂದ್ರನ ಅಗಲವನ್ನು ಹನ್ನೆರಡು ಪಾಲು ಮಾಡಿದರೆ ಒಂದು ಪಾಲಿನಷ್ಟು ಅಗಲ, ಅಷ್ಟೇ. ಅಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಬೇಕಂತಲೇ ಅಂಥ ಜಾಗ ಆರಿಸಿದ್ದರು. ಹತ್ತು ದಿನ ಅಲ್ಲೇ ಕಣ್ಣು ನೆಟ್ಟು 342 ಚಿತ್ರ ತೆಗೆದರು. ಎಲ್ಲವನ್ನೂ ಕೂಡಿಸಿದಾಗ ಆ ಚೂರು ಜಾಗದಲ್ಲಿ ಸುಮಾರು 3,000 ಗೆಲಾಕ್ಸಿಗಳು ಕಂಡವು. ಅಲ್ಲಿಯವರೆಗೆ ಅಷ್ಟು ಆಳಕ್ಕೆ ಆಕಾಶವನ್ನು ಯಾರೂ ನೋಡಿರಲಿಲ್ಲ.

1998ರಲ್ಲಿ ಅದೇ ಜಾಗವನ್ನು ಬೇರೊಂದು ಟೆಲಿಸ್ಕೋಪ್ ನೋಡಿತು. ಹವಾಯಿಯ ಮೌನಾ ಕೀ ಬೆಟ್ಟದ ಮೇಲಿರುವ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಟೆಲಿಸ್ಕೋಪ್ ಅದು. ಅದು ಹಿಡಿದದ್ದು 0.85 ಮಿಲಿಮೀಟರ್ ತರಂಗಾಂತರದ ಬೆಳಕು. ನಮ್ಮ ಕಣ್ಣು ಹಿಡಿಯುವ ಬೆಳಕಿಗಿಂತ ಸಾವಿರ ಪಟ್ಟಿಗೂ ಜಾಸ್ತಿ ಉದ್ದದ ಅಲೆ. ಅದಕ್ಕೆ ಅಲ್ಲಿ ಕಂಡದ್ದು ಐದೇ ಐದು ಚುಕ್ಕೆ. ಆ ಐದರಲ್ಲಿ ಎಲ್ಲಕ್ಕಿಂತ ಜೋರಾಗಿ ಹೊಳೆಯುತ್ತಿದ್ದ ಚುಕ್ಕೆಯನ್ನು ಹಬಲ್ ಚಿತ್ರದಲ್ಲಿ ಹುಡುಕಿದರು. ಅದಕ್ಕೆ ಸರಿಹೊಂದುವ ಗೆಲಾಕ್ಸಿ ಅಲ್ಲಿ ಇರಲೇ ಇಲ್ಲ. ಮೂರು ಸಾವಿರ ಗೆಲಾಕ್ಸಿ ಕಂಡ ಕಣ್ಣು ಇದೊಂದನ್ನು ಕಂಡಿರಲಿಲ್ಲ.

ಅದಕ್ಕೆ ಎಚ್‌ಡಿಎಫ್ 850.1 ಎಂದು ಹೆಸರಿಟ್ಟರು. ಎಷ್ಟು ದೂರದಲ್ಲಿದೆ ಎಂದು ಗೊತ್ತಾಗಲು 14 ವರ್ಷ ಹಿಡಿಯಿತು. 2012ರಲ್ಲಿ ಅದರ ಅನಿಲದಿಂದ ಬರುವ ಮಿಲಿಮೀಟರ್ ಅಲೆಗಳನ್ನು ಅಳೆದಾಗ ಉತ್ತರ ಸಿಕ್ಕಿತು. ವಿಶ್ವಕ್ಕೆ ಸುಮಾರು 110 ಕೋಟಿ ವರ್ಷ ವಯಸ್ಸಾಗಿದ್ದಾಗ ಹೊರಟ ಬೆಳಕು ಅದು. ಈಗ ವಿಶ್ವಕ್ಕೆ 1,380 ಕೋಟಿ ವರ್ಷ. ಆ ಗೆಲಾಕ್ಸಿಯಲ್ಲಿ ಆಗ ವರ್ಷಕ್ಕೆ ಸುಮಾರು 850 ಸೂರ್ಯರ ತೂಕದಷ್ಟು ಹೊಸ ನಕ್ಷತ್ರಗಳು ಹುಟ್ಟುತ್ತಿದ್ದವು. ನಮ್ಮ ಕ್ಷೀರಪಥದಲ್ಲಿ ಈಗ ವರ್ಷಕ್ಕೆ ಹುಟ್ಟುವುದು ಒಂದೆರಡು ಸೂರ್ಯರಷ್ಟು. ಅಂದರೆ ಆ ಇಡೀ ಜಾಗದಲ್ಲಿ ಅತ್ಯಂತ ಗಡಿಬಿಡಿಯಿಂದ ನಕ್ಷತ್ರ ಹೆರುತ್ತಿದ್ದ ಗೆಲಾಕ್ಸಿಗಳಲ್ಲಿ ಒಂದು ಹಬಲ್ ಕಣ್ಣಿಗೆ ಬಿದ್ದಿರಲಿಲ್ಲ.

ತಪ್ಪು ಹಬಲ್‌ನದ್ದಲ್ಲ, ಗಾತ್ರದ್ದೂ ಅಲ್ಲ. ಅಡ್ಡ ಬಂದದ್ದು ಧೂಳು. ನಕ್ಷತ್ರ ಹುಟ್ಟುವುದೇ ಅನಿಲ, ಧೂಳಿನ ದಟ್ಟ ಮೋಡಗಳ ಒಳಗೆ. ಈ ಧೂಳಿನ ಕಣಗಳು ತುಂಬ ಸಣ್ಣವು, ಹೊಗೆಯ ಕಣದಷ್ಟು. ಕಣ್ಣಿಗೆ ಕಾಣುವ ಬೆಳಕನ್ನೂ ನೇರಳಾತೀತ ಬೆಳಕನ್ನೂ ಅವು ಚೆನ್ನಾಗಿ ಹೀರುತ್ತವೆ. ಹೀರಿದ್ದು ಎಲ್ಲಿ ಹೋಗಬೇಕು? ಧೂಳು ಸ್ವಲ್ಪ ಬೆಚ್ಚಗಾಗುತ್ತದೆ. ಬೆಚ್ಚಗೆ ಅಂದರೆ ಸೊನ್ನೆಗಿಂತ 240 ಡಿಗ್ರಿ ಕೆಳಗೆ! ಆದರೂ ಅದು ಬೆಳಗುತ್ತದೆ. ಅದರ ಬೆಳಕು ದೂರದ ಅವಕೆಂಪಿನಲ್ಲಿ (ಅವಕೆಂಪು ಎಂದರೆ ಕೆಂಪಿಗಿಂತ ಉದ್ದದ ಅಲೆಯ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು), ಸುಮಾರು 0.1 ಮಿಲಿಮೀಟರ್ ತರಂಗಾಂತರದ ಸುತ್ತಮುತ್ತ ಇರುತ್ತದೆ. ಆ ಬೆಳಕನ್ನು ಧೂಳು ತಡೆಯುವುದಿಲ್ಲ. ಹೊರಗೆ ಬರುತ್ತದೆ.

ಇದರ ಹಿಂದೆ ಒಂದು ಸರಳ ಲೆಕ್ಕ ಇದೆ. ಯಾವುದೇ ವಸ್ತು ತನ್ನ ಬಿಸಿಗೆ ತಕ್ಕ ತರಂಗಾಂತರದಲ್ಲಿ ಹೆಚ್ಚು ಬೆಳಗುತ್ತದೆ. ಬಿಸಿ ಇಮ್ಮಡಿಯಾದರೆ ಆ ತರಂಗಾಂತರ ಅರ್ಧವಾಗುತ್ತದೆ. ಸೂರ್ಯನ ಮೇಲ್ಮೈ 6,000 ಕೆಲ್ವಿನ್‌ಗೆ ಹತ್ತಿರ (ಕೆಲ್ವಿನ್ ಎಣಿಕೆ ಶುರುವಾಗುವುದು ಸೊನ್ನೆಗಿಂತ 273 ಡಿಗ್ರಿ ಕೆಳಗಿನಿಂದ). ಹಾಗಾಗಿ ಅದರ ಬೆಳಕು ಅರ್ಧ ಮೈಕ್ರಾನ್ ಆಸುಪಾಸಿನಲ್ಲಿ ಜಾಸ್ತಿ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ನಮ್ಮ ಮೈ ಬೆಳಗುವುದು 9 ಮೈಕ್ರಾನ್‌ನ ಅವಕೆಂಪಿನಲ್ಲಿ. 30 ಕೆಲ್ವಿನ್‌ನ ಧೂಳು 100 ಮೈಕ್ರಾನ್‌ನಲ್ಲಿ, ಅಂದರೆ 0.1 ಮಿಲಿಮೀಟರ್‌ನಲ್ಲಿ. ಒಂದು ಕೋಟಿ ಡಿಗ್ರಿಯ ಅನಿಲ ಎಕ್ಸ್‌ರೇಯಲ್ಲಿ. ವಿಶ್ವದಲ್ಲಿ ಈ ಎಲ್ಲ ಬಿಸಿಯ ವಸ್ತುಗಳೂ ಇವೆ. ಕಣ್ಣಿಗೆ ಕಾಣುವ ಬೆಳಕಷ್ಟನ್ನೇ ನಂಬಿದರೆ ಸುಮಾರಾಗಿ ಸೂರ್ಯನಂಥ ಬಿಸಿಯವು ಮಾತ್ರ ಲೆಕ್ಕಕ್ಕೆ ಸಿಗುತ್ತವೆ.

ಹಾಗಾದರೆ ಎಲ್ಲ ತರಂಗಾಂತರವನ್ನೂ ಹಿಡಿಯುವ ಒಂದೇ ಟೆಲಿಸ್ಕೋಪ್ ಮಾಡಬಾರದೇ ಅಂತ ಕೇಳಬಹುದು. ಅದು ಕೈಗೂಡದ ಮಾತು. ಎಕ್ಸ್‌ರೇ ಕಿರಣ ಕನ್ನಡಿಗೆ ನೇರವಾಗಿ ಬಿದ್ದರೆ ಪುಟಿದು ಬರುವುದಿಲ್ಲ, ಒಳಗೆ ಹೊಕ್ಕುಬಿಡುತ್ತದೆ. ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಓರೆಯಾಗಿ ಎಸೆದರೆ ಜಿಗಿದು ಹೋಗುತ್ತದಲ್ಲ, ಹಾಗೆ ಸವರಿಕೊಂಡು ಬಂದರೆ ಮಾತ್ರ ಪುಟಿಯುತ್ತದೆ. ಅದಕ್ಕೇ ಚಂದ್ರ ಎಕ್ಸ್‌ರೇ ವೀಕ್ಷಣಾಲಯದ ಕನ್ನಡಿಗಳು ಒಂದರೊಳಗೊಂದು ಇಟ್ಟ ಕೊಳವೆಗಳ ಹಾಗಿವೆ. 1999ರಲ್ಲಿ ಮೇಲೆ ಹೋದ ಇದಕ್ಕೆ ಆ ಹೆಸರು ಬಂದದ್ದು ಖಭೌತ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಂದ. ಇನ್ನೊಂದು ತುದಿಯಲ್ಲಿ ಪುಣೆ ಹತ್ತಿರದ ಜಿಎಂಆರ್‌ಟಿ ರೇಡಿಯೋ ಟೆಲಿಸ್ಕೋಪ್ ಇದೆ. 45 ಮೀಟರ್ ಅಗಲದ 30 ಬಟ್ಟಲುಗಳು. ಅವುಗಳ ಮೈ ಬರೀ ತಂತಿಯ ಬಲೆ. ಗಾಳಿ ಆಚೀಚೆ ಹಾದುಹೋಗುತ್ತದೆ. ಆದರೆ ಗೇಣುದ್ದ, ಮಾರುದ್ದದ ರೇಡಿಯೋ ಅಲೆಗೆ ಆ ಬಲೆಯೇ ನುಣುಪಾದ ಕನ್ನಡಿ. ವೆಬ್‌ನ ಕಷ್ಟವೇ ಬೇರೆ. ಬೆಚ್ಚಗಿರುವ ಟೆಲಿಸ್ಕೋಪ್ ತಾನೇ ಅವಕೆಂಪಿನಲ್ಲಿ ಬೆಳಗುತ್ತದೆ, ತನ್ನ ಹೊಳಪಿನಲ್ಲೇ ಕುರುಡಾಗುತ್ತದೆ. ಅದಕ್ಕೆ ವೆಬ್‌ಗೆ ಐದು ಪದರದ ಬಿಸಿಲುಮರೆ ಕಟ್ಟಿ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ, ಆ ಮರೆಯ ನೆರಳಿನಲ್ಲಿ ತಣ್ಣಗೆ ಇಟ್ಟಿದ್ದಾರೆ. ನಮ್ಮ ಗಾಳಿಯ ಹೊದಿಕೆಯೂ ಎಲ್ಲವನ್ನೂ ಒಳಗೆ ಬಿಡುವುದಿಲ್ಲ. ಎಕ್ಸ್‌ರೇ, ಗಾಮಾ ಕಿರಣ, ಬಹುಪಾಲು ನೇರಳಾತೀತ ನೆಲ ಮುಟ್ಟುವುದೇ ಇಲ್ಲ. ಮುಟ್ಟದಿರುವುದು ನಮಗೆ ಒಳ್ಳೆಯದೇ. ಅವನ್ನು ನೋಡಬೇಕಾದರೆ ಮಾತ್ರ ಮೇಲೆ ಹೋಗಬೇಕು.

ಈಗ ಬಣ್ಣದ ವಿಷಯ. ವೆಬ್‌ನ ಕ್ಯಾಮೆರಾ ಒಂದೊಂದು ಫಿಲ್ಟರ್ ಹಾಕಿ ಕಪ್ಪುಬಿಳುಪು ಚಿತ್ರ ತೆಗೆಯುತ್ತದೆ. ಒಂದು 0.9 ಮೈಕ್ರಾನ್‌ನಲ್ಲಿ, ಇನ್ನೊಂದು 2ರಲ್ಲಿ, ಮತ್ತೊಂದು 4.4ರಲ್ಲಿ, ಹೀಗೆ. ಆಮೇಲೆ ಕಿರಿದಾದ ತರಂಗಾಂತರಕ್ಕೆ ನೀಲಿ, ಉದ್ದದ್ದಕ್ಕೆ ಕೆಂಪು, ನಡುವಿನದಕ್ಕೆ ಹಸಿರು ಕೊಟ್ಟು ಸೇರಿಸುತ್ತಾರೆ. ಸುಮ್ನೆ ಚೆಂದಕ್ಕೆ ಬಳಿದದ್ದಲ್ಲ. ಕೀರಲು ದನಿಯ ಹಾಡನ್ನು ನಮ್ಮ ದನಿಗೆ ಶ್ರುತಿ ಇಳಿಸಿ ಹಾಡಿದರೆ ರಾಗ ಕೆಡುವುದಿಲ್ಲ. ಸ್ವರಗಳ ನಡುವಿನ ಅಂತರ ಹಾಗೇ ಉಳಿಯುತ್ತದೆ. ಇಲ್ಲೂ ಯಾವುದು ಯಾವುದಕ್ಕಿಂತ ಕೆಂಪು ಅನ್ನುವ ಕ್ರಮ ನಿಜವೇ. ಚಿತ್ರದ ಕೆಳಗೆ ಯಾವ ಫಿಲ್ಟರ್‌ಗೆ ಯಾವ ಬಣ್ಣ ಎಂದು ಸಾಮಾನ್ಯವಾಗಿ ಬರೆದಿರುತ್ತಾರೆ. ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ, ಚಿತ್ರ ಎರಡರಷ್ಟು ಮಾತಾಡುತ್ತದೆ. ಇನ್ನೂ ಒಂದು ಮಾತು. ತುಂಬ ದೂರದ ಗೆಲಾಕ್ಸಿಯ ವಿಷಯದಲ್ಲಿ ನಿಜವಾದ ಬಣ್ಣ ಯಾವುದು ಅಂತ ಹೇಳುವುದೇ ಕಷ್ಟ. ಅಲ್ಲಿಂದ ನೇರಳಾತೀತವಾಗಿ ಹೊರಟದ್ದು ಇಲ್ಲಿಗೆ ಅವಕೆಂಪಾಗಿ ಬಂದು ಸೇರುತ್ತದೆ.

ಇದೇ ನಿಮ್ಮ ಮೂರನೇ ಪ್ರಶ್ನೆಯ ಬೇರು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೆಳಕಿಗೂ ಪ್ರಯಾಣಕ್ಕೆ ಹೊತ್ತು ಬೇಕು. ಹಾಗಾಗಿ ದೂರ ನೋಡುವುದು ಎಂದರೆ ಹಿಂದಿನ ಕಾಲ ನೋಡುವುದು. ಇದು ನಿಮಗೆ ಗೊತ್ತಿರಬಹುದು. ಜೊತೆಗೆ ಇನ್ನೊಂದು ಆಗುತ್ತದೆ. ಬೆಳಕು ದಾರಿಯಲ್ಲಿರುವಾಗ ವಿಶ್ವ ಹಿಗ್ಗುತ್ತಲೇ ಇರುತ್ತದೆ, ಅದರೊಡನೆ ಬೆಳಕಿನ ಅಲೆಯೂ ಹಿಗ್ಗುತ್ತದೆ. ಬೆಳಕು ಹೊರಟಾಗಿನ ವಿಶ್ವಕ್ಕಿಂತ ಈಗಿನ ವಿಶ್ವ ಮೂರು ಪಟ್ಟು ಹಿಗ್ಗಿದ್ದರೆ ಅಲೆಯೂ ಮೂರು ಪಟ್ಟು ಉದ್ದ. ಇದನ್ನೇ ರೆಡ್‌ಶಿಫ್ಟ್ ಎನ್ನುತ್ತಾರೆ. ಹೀಗಾಗಿ ಹೊಸದಾಗಿ ಹುಟ್ಟಿದ ನಕ್ಷತ್ರಗಳನ್ನು ಹತ್ತಿರದ ಗೆಲಾಕ್ಸಿಯಲ್ಲಿ ನೇರಳಾತೀತದಲ್ಲಿ ನೋಡುತ್ತೇವೆ. ಸಾವಿರ ಕೋಟಿ ವರ್ಷ ಹಿಂದಿನವನ್ನು ಕಣ್ಣಿಗೆ ಕಾಣುವ ಬೆಳಕಿನಲ್ಲಿ. ಇನ್ನೂ ಹಿಂದೆ ಹೋದರೆ ಅವಕೆಂಪಿನಲ್ಲಿ. ನೋಡುತ್ತಿರುವುದು ಅದೇ ಬಗೆಯ ನಕ್ಷತ್ರ, ಅದೇ ಬಗೆಯ ಬೆಳಕು. ಕಾಲ ಬದಲಾದಂತೆ ಟೆಲಿಸ್ಕೋಪ್ ಬದಲಾಗಬೇಕು. ಹಬಲ್ ಹಿಡಿಯುವುದು 1.7 ಮೈಕ್ರಾನ್‌ವರೆಗೆ. ಅದಕ್ಕೆ ನೂರು ಪಟ್ಟು ದೊಡ್ಡ ಕನ್ನಡಿ ಹಾಕಿದರೂ, ಅದರಾಚೆ ಜಾರಿದ ಬೆಳಕು ಅದರ ಕೈಗೆ ಸಿಗುವುದಿಲ್ಲ.

ಒಂದು ಗೆಲಾಕ್ಸಿಯನ್ನು ಹತ್ತಿರದಿಂದ ನೋಡೋಣ. ಅದರ ಹೆಸರು ಜೇಡ್ಸ್-ಜಿಎಸ್-ಝೆಡ್14-0. ವೆಬ್ 2024ರಲ್ಲಿ ಅದರ ಸ್ಪೆಕ್ಟ್ರಮ್ ತೆಗೆಯಿತು, ಅಂದರೆ ಅದರ ಬೆಳಕನ್ನು ಒಂದೊಂದು ತರಂಗಾಂತರವಾಗಿ ಬಿಡಿಸಿ ನೋಡಿತು. ಹೈಡ್ರೋಜನ್‌ಗೆ ನೇರಳಾತೀತದಲ್ಲಿ ಒಂದು ಗುರುತಿನ ತರಂಗಾಂತರ ಇದೆ, 121.6 ನ್ಯಾನೋಮೀಟರ್, ಅಂದರೆ 0.1216 ಮೈಕ್ರಾನ್. ಆದಿಕಾಲದಲ್ಲಿ ಗೆಲಾಕ್ಸಿಗಳ ಸುತ್ತ ಹೈಡ್ರೋಜನ್ ತುಂಬಿಕೊಂಡಿತ್ತು. ಅದಕ್ಕಿಂತ ಕಿರಿದಾದ ಬೆಳಕನ್ನೆಲ್ಲ ಅದು ನುಂಗಿಬಿಡುತ್ತಿತ್ತು. ಹಾಗಾಗಿ ಆ ಗೆಲಾಕ್ಸಿಗಳ ಬೆಳಕು ಆ ಗುರುತಿನ ಹತ್ತಿರ ಕತ್ತರಿಸಿದ ಹಾಗೆ ನಿಲ್ಲುತ್ತದೆ. ವೆಬ್‌ಗೆ ಈ ಕತ್ತರಿಸಿದ ಅಂಚು ಕಂಡದ್ದು 1.86 ಮೈಕ್ರಾನ್ ಹತ್ತಿರ. ಭಾಗಿಸಿ ನೋಡಿ. ಅಲೆ ಸುಮಾರು 15.3 ಪಟ್ಟು ಹಿಗ್ಗಿದೆ.

ಅಂಚು ಚೂಪಾಗಿ ಇರುವುದಿಲ್ಲ ಅನ್ನುವುದೊಂದು ತೊಡಕು. ಹತ್ತಿರದ ಹೈಡ್ರೋಜನ್ ಅದನ್ನು ಸ್ವಲ್ಪ ಸವೆಸಿರುತ್ತದೆ. ಅದಕ್ಕೆ ಚಿಲಿಯ ಅಟಕಾಮಾ ಮರುಭೂಮಿಯ ಆಲ್ಮಾ ಟೆಲಿಸ್ಕೋಪನ್ನು ಕೇಳಿದರು. 5,000 ಮೀಟರ್ ಎತ್ತರ, ಒಣ ಗಾಳಿ, 66 ಆಂಟೆನಾ. ಆಮ್ಲಜನಕ 88 ಮೈಕ್ರಾನ್‌ನಲ್ಲಿ ಒಂದು ಚೂಪಾದ ಗೆರೆ ಬಿಡುತ್ತದೆ. ಆ ಗೆರೆ ಹದಿನೈದು ಪಟ್ಟು ಹಿಗ್ಗಿದ್ದರೆ 1.34 ಮಿಲಿಮೀಟರ್ ಹತ್ತಿರ ಸಿಗಬೇಕು. 2025ರಲ್ಲಿ ಎರಡು ತಂಡಗಳು ಸರಿಯಾಗಿ ಅಲ್ಲೇ ಅದನ್ನು ಕಂಡವು. ಲೆಕ್ಕ 15.2 ಪಟ್ಟು ಎಂದು ಗಟ್ಟಿಯಾಯಿತು. ಒಂದರದ್ದು 1.86 ಮೈಕ್ರಾನ್, ಇನ್ನೊಂದರದ್ದು 1,340 ಮೈಕ್ರಾನ್. ಏಳುನೂರು ಪಟ್ಟು ಅಂತರ. ಎರಡೂ ಒಂದೇ ಮಾತು ಹೇಳುತ್ತವೆ: ಈ ಬೆಳಕು ಹೊರಟಾಗ ವಿಶ್ವಕ್ಕೆ ಸುಮಾರು 30 ಕೋಟಿ ವರ್ಷ.

ಆ ಗೆರೆ ದೂರ ಹೇಳಿ ಸುಮ್ಮನಾಗಲಿಲ್ಲ. ಮಹಾಸ್ಫೋಟದಲ್ಲಿ ಆಮ್ಲಜನಕ ಹುಟ್ಟಲಿಲ್ಲ. ಅದು ನಕ್ಷತ್ರದ ಒಡಲಲ್ಲಿ ಬೇಯಬೇಕು, ನಕ್ಷತ್ರ ಸಿಡಿದು ಹೊರಗೆ ಚೆಲ್ಲಬೇಕು. ಅಂದರೆ ಅಷ್ಟು ಬೇಗ ಒಂದು ಪೀಳಿಗೆಯ ನಕ್ಷತ್ರಗಳಾದರೂ ಹುಟ್ಟಿ, ಬದುಕಿ, ಸತ್ತಾಗಿತ್ತು. ನಾವು ಎಣಿಸಿದ್ದಕ್ಕಿಂತ ಬೇಗ. ಈ ಗೆಲಾಕ್ಸಿಯ ಮಾತನ್ನು ಕೊನೆಯಲ್ಲಿ ಮತ್ತೆ ಎತ್ತುತ್ತೇನೆ.

ಎಚ್‌ಡಿಎಫ್ 850.1ರ ಗುಟ್ಟೂ ಈ ಹಿಗ್ಗುವಿಕೆಯಲ್ಲೇ ಇದೆ. ಧೂಳಿನ ಬೆಳಕು 100 ಮೈಕ್ರಾನ್ ಸುತ್ತ ಜಾಸ್ತಿ, ಅದಕ್ಕಿಂತ ಉದ್ದದ ಅಲೆಯಲ್ಲಿ ಬೇಗ ಕುಗ್ಗುತ್ತದೆ. 0.85 ಮಿಲಿಮೀಟರ್‌ನಲ್ಲಿ ನೋಡಿದರೆ ಹತ್ತಿರದ ಗೆಲಾಕ್ಸಿಯ ಧೂಳಿನ ಬೆಳಕಿನ ಬಾಲ ಮಾತ್ರ ಸಿಗುತ್ತದೆ. ದೂರದ್ದಾದರೆ ಹಿಗ್ಗುವಿಕೆಯಿಂದ ಅದರ ಶಿಖರವೇ ಜಾರಿಕೊಂಡು ನಮ್ಮ ಕಡೆ ಬರುತ್ತದೆ. ದೂರ ಹೆಚ್ಚಿದಷ್ಟೂ ಮಂಕಾಗಬೇಕಾದದ್ದು ಇದರಿಂದ ಸರಿದೂಗುತ್ತದೆ. ಸಾವಿರ ಕೋಟಿ ವರ್ಷ ಹಿಂದಿನ ಗೆಲಾಕ್ಸಿ, ಅದಕ್ಕಿಂತ ಎಷ್ಟೋ ಹತ್ತಿರದ್ದರಷ್ಟೇ ಹೊಳಪಾಗಿ ಕಾಣುತ್ತದೆ. ನಾನು ಇದನ್ನು ಮೊದಲ ಸಲ ಕಾಗದದ ಮೇಲೆ ಲೆಕ್ಕ ಹಾಕಿದಾಗ ಎಲ್ಲೋ ತಪ್ಪಿದೆ ಅಂತ ಮತ್ತೆ ಮತ್ತೆ ಹಾಕಿದ್ದೆ. ತಪ್ಪಿರಲಿಲ್ಲ.

ಈ ಧೂಳು ಮರೆಮಾಡಿದ್ದು ಒಂದೆರಡು ಗೆಲಾಕ್ಸಿಯನ್ನಲ್ಲ. ವಿಶ್ವದ ಎಲ್ಲ ನಕ್ಷತ್ರಗಳು ಈವರೆಗೆ ಬಿಟ್ಟ ಬೆಳಕಿನಲ್ಲಿ ಹೆಚ್ಚುಕಡಿಮೆ ಅರ್ಧ ಧೂಳಿಗೆ ಸಿಕ್ಕಿ ಅವಕೆಂಪಾಗಿ ಹೊರಬಂದಿದೆ. ಬರೀ ನೇರಳಾತೀತ, ಕಣ್ಣಿಗೆ ಕಾಣುವ ಬೆಳಕು ಇಷ್ಟನ್ನೇ ಹಿಡಿದು ನಕ್ಷತ್ರಗಳ ಜನನದ ಲೆಕ್ಕ ಬರೆದರೆ ಅದು ಅರ್ಧ ಪುಟ ಹರಿದ ಲೆಕ್ಕದ ಪುಸ್ತಕ. ಎರಡನ್ನೂ ಕೂಡಿಸಿದ ಮೇಲೆ ಒಂದು ಸ್ಪಷ್ಟ ಚಿತ್ರ ಬಂತು. ವಿಶ್ವ ಶುರುವಾದ ಮೇಲೆ ನಕ್ಷತ್ರಗಳು ಹುಟ್ಟುವ ವೇಗ ಏರುತ್ತಾ ಹೋಯಿತು. ಸುಮಾರು ಸಾವಿರ ಕೋಟಿ ವರ್ಷ ಹಿಂದೆ ಅದು ತುತ್ತತುದಿ ಮುಟ್ಟಿತು. ಆಮೇಲೆ ಇಳಿಯುತ್ತಾ ಬಂದು ಈಗ ಅದರ ಹತ್ತನೇ ಒಂದು ಭಾಗಕ್ಕೆ ಬಂದಿದೆ. ಇದನ್ನು ಕೇಳಿದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ನಮ್ಮ ಸೂರ್ಯ ಹುಟ್ಟಿದ್ದು 460 ಕೋಟಿ ವರ್ಷ ಹಿಂದೆ. ಜಾತ್ರೆಯ ಗದ್ದಲ ಮುಗಿದ ಮೇಲೆ ಬಂದವರು ನಾವು.

ಯಾಕೆ ಇಳಿಯಿತು? ಒಲೆ ಆರುವುದಕ್ಕೆ ಒಂದೋ ಸೌದೆ ಮುಗಿದಿರಬೇಕು, ಇಲ್ಲಾ ಯಾರೋ ಆರಿಸಿರಬೇಕು. ಎರಡನ್ನೂ ನೋಡಲು ಬೇರೆ ಬೇರೆ ತರಂಗಾಂತರ ಬೇಕು.

ಸೌದೆ ಎಂದರೆ ತಣ್ಣಗಿನ ಹೈಡ್ರೋಜನ್. ಅದು ಕಣ್ಣಿಗೆ ಕಾಣುವ ಬೆಳಕನ್ನು ಬಿಡುವುದಿಲ್ಲ. 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆ ಬಿಡುತ್ತದೆ. ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನ್ ತನ್ನ ಗಿರಕಿಯ ದಿಕ್ಕು ತಿರುವಿದಾಗ ಈ ಅಲೆ ಹೊರಡುತ್ತದೆ. ಒಂಟಿ ಪರಮಾಣು ಹೀಗೆ ತಾನಾಗಿ ತಿರುವಲು ಸರಾಸರಿ ಒಂದು ಕೋಟಿ ವರ್ಷ ಕಾಯಬೇಕು. ಆದರೆ ಗೆಲಾಕ್ಸಿಯಲ್ಲಿ ಪರಮಾಣುಗಳಿಗೆ ಬರವಿಲ್ಲ. 1944ರಲ್ಲಿ ಹೆಂಡ್ರಿಕ್ ವಾನ್ ಡಿ ಹುಲ್ಸ್ಟ್ ಇಂಥ ಅಲೆ ಇರಬೇಕು ಎಂದರು, 1951ರಲ್ಲಿ ಹಾರ್ವರ್ಡ್‌ನಲ್ಲಿ ಯೂವೆನ್ ಮತ್ತು ಪರ್ಸೆಲ್ ಹಿಡಿದರು. ತೊಂದರೆ ಏನೆಂದರೆ ಇದು ತೀರಾ ಮಂಕು. ದೂರದ ಗೆಲಾಕ್ಸಿಯೊಂದರದ್ದು ಪ್ರತ್ಯೇಕವಾಗಿ ಕೇಳಿಸುವುದು ಬಹಳ ಅಪರೂಪ. ಜಿಎಂಆರ್‌ಟಿ ಬಳಸಿದ ತಂಡ ಇದಕ್ಕೆ ಒಂದು ಉಪಾಯ ಮಾಡಿತು. ಸುಮಾರು 800 ಕೋಟಿ ವರ್ಷ ಹಿಂದಿನ, ನಕ್ಷತ್ರ ಹುಟ್ಟುತ್ತಿದ್ದ ಸುಮಾರು 7,600 ಗೆಲಾಕ್ಸಿಗಳನ್ನು ಆರಿಸಿಕೊಂಡಿತು. ಅವು ಎಲ್ಲಿವೆ, ಎಷ್ಟು ದೂರ ಎಂದು ಕಣ್ಣಿಗೆ ಕಾಣುವ ಬೆಳಕಿನ ಟೆಲಿಸ್ಕೋಪ್‌ಗಳು ಮೊದಲೇ ಹೇಳಿದ್ದವು. 21 ಸೆಂಟಿಮೀಟರ್ ಅಲೆ ಇಮ್ಮಡಿಯಾಗಿ ಬರುವ ಕಡೆ ಕಿವಿಗೊಟ್ಟು, ಎಲ್ಲವುಗಳ ಸದ್ದನ್ನೂ ಕೂಡಿಸಿದರು. ಒಂದೊಂದರದ್ದು ಕೇಳದಿದ್ದರೂ ಒಟ್ಟು ಸದ್ದು ಕೇಳಿತು. 2020ರಲ್ಲಿ ಪ್ರಕಟವಾದ ಫಲ ಇದು: ಆ ಗೆಲಾಕ್ಸಿಗಳಲ್ಲಿ ಹೈಡ್ರೋಜನ್ ಧಾರಾಳವಾಗಿತ್ತು, ಆದರೆ ಖರ್ಚು ಇನ್ನೂ ಧಾರಾಳ. ಆ ವೇಗದಲ್ಲಿ ಉರಿದರೆ ನೂರು ಇನ್ನೂರು ಕೋಟಿ ವರ್ಷದಲ್ಲಿ ಖಾಲಿ. ಹೊರಗಿನಿಂದ ಹೊಸ ಅನಿಲ ಅಷ್ಟೇ ವೇಗದಲ್ಲಿ ಬಂದು ಬೀಳಲಿಲ್ಲ. ಉರಿ ಇಳಿಯಿತು. ಒಂದೇ ಫಲಿತಾಂಶಕ್ಕೆ ಎರಡು ತುದಿಯ ತರಂಗಾಂತರಗಳು ಕೈಜೋಡಿಸಬೇಕಾಯಿತು, ಗಮನಿಸಿದಿರಾ?

ಇನ್ನು ಆರಿಸಿದವರು ಯಾರು? ಪರ್ಸಿಯಸ್ ಗೆಲಾಕ್ಸಿ ಗುಂಪಿಗೆ ಬನ್ನಿ. ನಮ್ಮಿಂದ ಸುಮಾರು 24 ಕೋಟಿ ಬೆಳಕಿನ ವರ್ಷ ದೂರ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದು ನೂರಾರು ಗೆಲಾಕ್ಸಿಗಳ ಹಿಂಡು, ನಡುವೆ ಒಂದು ಭಾರೀ ಗೆಲಾಕ್ಸಿ. ಎಕ್ಸ್‌ರೇಯಲ್ಲಿ ನೋಡಿದರೆ ಗೆಲಾಕ್ಸಿಗಳ ನಡುವಿನ ಜಾಗ ಖಾಲಿ ಇಲ್ಲವೇ ಇಲ್ಲ. ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲ ತುಂಬಿ ಬೆಳಗುತ್ತಿದೆ. ಅದರ ತೂಕ ಆ ಗುಂಪಿನ ಎಲ್ಲ ನಕ್ಷತ್ರಗಳ ತೂಕಕ್ಕಿಂತ ಹಲವು ಪಟ್ಟು ಜಾಸ್ತಿ. ಬೆಳಗುವ ಅನಿಲ ತಣಿಯಬೇಕು, ತಣಿದರೆ ನಡುವಿನ ಗೆಲಾಕ್ಸಿಗೆ ಸುರಿಯಬೇಕು, ಅಲ್ಲಿ ವರ್ಷಕ್ಕೆ ನೂರಾರು ಸೂರ್ಯರು ಹುಟ್ಟಬೇಕು. ಅಷ್ಟು ಹುಟ್ಟುತ್ತಿಲ್ಲ.

ಚಂದ್ರ ವೀಕ್ಷಣಾಲಯದ ಚಿತ್ರದಲ್ಲಿ ಆ ಬೆಳಗುವ ಅನಿಲದ ನಡುವೆ ಎರಡು ಕಪ್ಪು ಪೊಟರೆಗಳಿವೆ. ಎಕ್ಸ್‌ರೇ ಚಿತ್ರವೊಂದೇ ಇದ್ದರೆ ಅವು ಏನೆಂದು ಹೇಳುವುದು ಕಷ್ಟ. ಅದೇ ಜಾಗದ ರೇಡಿಯೋ ಚಿತ್ರದಲ್ಲಿ ನಡುವಿನ ಗೆಲಾಕ್ಸಿಯ ಎರಡೂ ಪಕ್ಕ ಉಬ್ಬಿದ ಎರಡು ಗುಳ್ಳೆಗಳಿವೆ. ಒಂದರ ಮೇಲೊಂದು ಇಟ್ಟು ನೋಡಿ. ಪೊಟರೆಯೊಳಗೆ ಗುಳ್ಳೆ ಸರಿಯಾಗಿ ಕೂರುತ್ತದೆ. ನಡುವಿನ ದೈತ್ಯ ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಕಣಗಳನ್ನು ಚಿಮ್ಮಿಸಿ ಬಿಸಿ ಅನಿಲವನ್ನು ಪಕ್ಕಕ್ಕೆ ತಳ್ಳುತ್ತಿದೆ. ಅದರಿಂದ ಎದ್ದ ಒತ್ತಡದ ಅಲೆಗಳು ನೀರಿನ ಉಂಗುರಗಳ ಹಾಗೆ ಹರಡಿರುವುದೂ ಎಕ್ಸ್‌ರೇಯಲ್ಲಿ ಕಾಣುತ್ತದೆ. ಅನಿಲ ತಣಿಯದಂತೆ ಕಾಯಿಸುತ್ತಿರುವುದು ಇದೇ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಚಿತ್ರ ಇದು. ಎರಡು ಅರ್ಧ ಸಾಕ್ಷಿಗಳು ಹೀಗೆ ಒಂದರೊಳಗೊಂದು ಕೂರುವುದು ಅಪರೂಪ.

ದೈತ್ಯ ಕಪ್ಪುಕುಳಿಗಳು ಅಷ್ಟು ದೊಡ್ಡದಾದದ್ದು ಹೇಗೆ ಅನ್ನುವುದಕ್ಕೂ ಇದೇ ದಾರಿ. 2023ರಲ್ಲಿ ಯುಎಚ್‌ಝೆಡ್1 ಎಂಬ ಗೆಲಾಕ್ಸಿ ಸುದ್ದಿಯಾಯಿತು. ವಿಶ್ವಕ್ಕೆ 47 ಕೋಟಿ ವರ್ಷ ಆಗಿದ್ದಾಗಿನದು. ವೆಬ್ ಅದರ ನಕ್ಷತ್ರಗಳನ್ನು ನೋಡಿತು. ಅದೇ ಚುಕ್ಕೆಯಿಂದ ಎಕ್ಸ್‌ರೇ ಬರುತ್ತಿರುವುದನ್ನು ಚಂದ್ರ ವೀಕ್ಷಣಾಲಯ ಹಿಡಿಯಿತು. ಕಪ್ಪುಕುಳಿಯ ತೂಕ ಆ ಗೆಲಾಕ್ಸಿಯ ಎಲ್ಲ ನಕ್ಷತ್ರಗಳ ತೂಕಕ್ಕೆ ಸಮ ಅನ್ನುವಷ್ಟಿದೆ. ಹತ್ತಿರದ ಗೆಲಾಕ್ಸಿಗಳಲ್ಲಿ ಅದು ಸಾವಿರದಲ್ಲಿ ಒಂದು ಪಾಲು. ಸತ್ತ ನಕ್ಷತ್ರದಿಂದ ಶುರುವಾಗಿ ಅಷ್ಟು ಬೇಗ ಅಷ್ಟು ಬೆಳೆಯುವುದು ಕಷ್ಟ. ಅನಿಲದ ದೊಡ್ಡ ಮೋಡವೇ ನೇರವಾಗಿ ಕುಸಿದು ಕಪ್ಪುಕುಳಿ ಆಗಿರಬಹುದು ಎಂದು ಖಭೌತ ವಿಜ್ಞಾನಿ ಪ್ರಿಯಂವದಾ ನಟರಾಜನ್ ಮತ್ತು ಜೊತೆಗಾರರು ಹಿಂದೆಯೇ ಲೆಕ್ಕ ಹಾಕಿದ್ದರು. ಅದಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ವೆಬ್ ಕಂಡ ಇನ್ನೊಂದು ಬಗೆಯ ಸಣ್ಣ ಕೆಂಪು ಚುಕ್ಕೆಗಳಿವೆ, ನೂರಾರು. ಅವೂ ಕಪ್ಪುಕುಳಿಗಳ ಹಾಗೆ ಕಾಣುತ್ತವೆ, ಆದರೆ ಎಕ್ಸ್‌ರೇಯಲ್ಲಿ ನೋಡಿದರೆ ಬಹುಪಾಲು ಮೌನ. ಒಂದು ತರಂಗಾಂತರ ಹೌದು ಎನ್ನುತ್ತದೆ, ಇನ್ನೊಂದು ತಲೆಯಾಡಿಸುವುದಿಲ್ಲ. ಈ ಜಗಳ ಇನ್ನೂ ಬಗೆಹರಿದಿಲ್ಲ. ಇಂಥ ಜಗಳಗಳಿಂದಲೇ ಹೊಸದು ಗೊತ್ತಾಗುವುದು.

ಎಲ್ಲಕ್ಕಿಂತ ಹಳೆಯ ಬೆಳಕಿನ ಕಥೆ ನೀವು ಕೇಳಿರುತ್ತೀರಿ, ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ವಿಶ್ವಕ್ಕೆ 3,80,000 ವರ್ಷ ಆಗಿದ್ದಾಗ ಅದು ಸುಮಾರು 3,000 ಕೆಲ್ವಿನ್‌ಗೆ ತಣಿದು ಪಾರದರ್ಶಕ ಆಯಿತು. ಆಗ ಬಿಡುಗಡೆಯಾದ ಬೆಳಕು ಒಂದು ಮೈಕ್ರಾನ್ ಸುತ್ತಮುತ್ತ ಇತ್ತು. ಸುಮಾರು 1,100 ಪಟ್ಟು ಹಿಗ್ಗಿ ಈಗ ಒಂದು ಮಿಲಿಮೀಟರ್ ಆಗಿದೆ. 1965ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಮೈಕ್ರೋವೇವ್ ಆಂಟೆನಾದಲ್ಲಿ ಅದನ್ನು ಕೇಳಿಸಿಕೊಂಡರು. ಎಲ್ಲ ದಿಕ್ಕಿನಿಂದಲೂ 2.7 ಕೆಲ್ವಿನ್. ಲಕ್ಷದಲ್ಲಿ ಒಂದು ಪಾಲಿನಷ್ಟು ಏರಿಳಿತ ಮಾತ್ರ. ಆ ಏರಿಳಿತಗಳೇ ಮುಂದೆ ಗೆಲಾಕ್ಸಿಗಳಾದವು.

ಆ ಬೆಳಕಿಗೂ ವೆಬ್ ಕಂಡ ಮೊದಮೊದಲ ಗೆಲಾಕ್ಸಿಗಳಿಗೂ ನಡುವೆ ಮೂವತ್ತು ಕೋಟಿ ವರ್ಷಗಳ ಕಂದರ ಇದೆ. ಅದರಲ್ಲಿ ಬಹುಕಾಲ ನಕ್ಷತ್ರಗಳೇ ಇರಲಿಲ್ಲ. ಇದ್ದದ್ದು ಹೈಡ್ರೋಜನ್, ಹೀಲಿಯಂ. ಆ ಕಾಲವನ್ನು ನೋಡಲು ಇರುವ ಒಳ್ಳೆಯ ದಾರಿ ಒಂದೇ, ಅದೇ 21 ಸೆಂಟಿಮೀಟರ್ ಅಲೆ. ಈಗ ಅದು ಹಿಗ್ಗಿ ಕೆಲವು ಮೀಟರ್ ಉದ್ದ ಆಗಿರುತ್ತದೆ. 2018ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿಟ್ಟ ಎಡ್ಜಸ್ ಎಂಬ ಉಪಕರಣ 78 ಮೆಗಾಹರ್ಟ್ಸ್‌ನಲ್ಲಿ ಮೊದಲ ನಕ್ಷತ್ರಗಳ ಗುರುತು ಕಂಡಿತು ಎಂದು ಹೇಳಿತು. ನಿಜವಾಗಿದ್ದರೆ ಅದು ವಿಶ್ವಕ್ಕೆ 18 ಕೋಟಿ ವರ್ಷ ಆಗಿದ್ದಾಗಿನ ಗುರುತು. ರಾಮನ್ ಸಂಶೋಧನಾ ಸಂಸ್ಥೆಯವರು ಅದನ್ನು ಪರೀಕ್ಷಿಸಲು ಸಾರಸ್ 3 ಎಂಬ ಆಂಟೆನಾ ಮಾಡಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ನೀರೇ ಯಾಕೆ? ನೆಲದಡಿಯಲ್ಲಿ ಕಲ್ಲು, ಮಣ್ಣು, ತೇವ ಎಲ್ಲ ಪದರ ಪದರವಾಗಿ ಇರುತ್ತವೆ. ಅವು ಅಲೆಯನ್ನು ಹಿಂದಕ್ಕೆ ಪುಟಿಸಿ ಇಲ್ಲದ ಗುರುತು ಹುಟ್ಟಿಸಬಹುದು. ನೀರು ಒಂದೇ ಸಮ. ಸಾರಸ್‌ಗೆ ಆ ಗುರುತು ಕಾಣಲಿಲ್ಲ ಎಂದು 2022ರಲ್ಲಿ ಪ್ರಕಟಿಸಿದರು. ಇಂಥ ಅಳತೆಯಲ್ಲಿ ಕಾಣಲಿಲ್ಲ ಅನ್ನುವುದನ್ನು ಗಟ್ಟಿಯಾಗಿ ಹೇಳುವುದೂ ಕಂಡಷ್ಟೇ ಕಷ್ಟದ ಕೆಲಸ. ನಮ್ಮ ಕ್ಷೀರಪಥದ ರೇಡಿಯೋ ಗದ್ದಲ ಆ ಗುರುತಿಗಿಂತ ಸಾವಿರಾರು ಪಟ್ಟು ಜೋರು.

ಗದ್ದಲ ಆಕಾಶದ್ದು ಮಾತ್ರ ಅಲ್ಲ. ಆಗ ಹೇಳಿದ ಜೇಡ್ಸ್ ಗೆಲಾಕ್ಸಿಯನ್ನು ನೆನಪಿಸಿಕೊಳ್ಳಿ. ಅದರ ಬೆಳಕು ಹಿಗ್ಗಿದ್ದು 15.2 ಪಟ್ಟು. ಅದರ ಕಾಲದ ಹೈಡ್ರೋಜನ್ ಬಿಟ್ಟ 21 ಸೆಂಟಿಮೀಟರ್ ಅಲೆಯೂ ಅಷ್ಟೇ ಹಿಗ್ಗಿರುತ್ತದೆ, ಈಗ 3.2 ಮೀಟರ್. ರೇಡಿಯೋ ಭಾಷೆಯಲ್ಲಿ ಹೇಳಿದರೆ 1,420 ಮೆಗಾಹರ್ಟ್ಸ್‌ನಿಂದ ಇಳಿದು ಹತ್ತಿರ ಹತ್ತಿರ 93.6 ಮೆಗಾಹರ್ಟ್ಸ್. ಎಫ್‌ಎಂ ಕೇಂದ್ರಗಳು ಹಾಡು ಹಾಕುವ ಪಟ್ಟಿಯ ಒಳಗೇ. ಆ ಕಾಲದ ಹೈಡ್ರೋಜನ್‌ನ ದನಿ ಈ ಕ್ಷಣವೂ ನಿಮ್ಮ ರೇಡಿಯೋದ ಆಂಟೆನಾ ಮೇಲೆ ಬೀಳುತ್ತಿದೆ. ಅದನ್ನು ಹಾಡಿನಿಂದ ಬೇರೆ ಮಾಡಿ ಕೇಳಲು ಆಗದು. ಹಾಗಾಗಿಯೇ ಇಂಥ ಆಂಟೆನಾಗಳನ್ನು ಜನವಸತಿ ಇಲ್ಲದ ಮರುಭೂಮಿಗೆ ಒಯ್ಯುತ್ತಾರೆ, ಇನ್ನೂ ಹಿಂದಿನ ಕಾಲದ, ಇನ್ನೂ ಉದ್ದದ ಅಲೆಗಳಿಗಾಗಿ ಭೂಮಿಯ ಸದ್ದು ತಲುಪದ ಚಂದ್ರನ ಆ ಬದಿಯಲ್ಲಿ ಆಂಟೆನಾ ಇಡುವ ಯೋಚನೆ ಮಾಡುತ್ತಿದ್ದಾರೆ.